ಶಕುಂತಲಕ್ಕನ ಮನೆಯ ಮೂರು ಲೋಟ

ನಾನು ಹೊಲಿಗೆಯವಳು. ಶಿರಸಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಇಪ್ಪತ್ತೆಂಟು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಅಳತೆ ಕೊಡಲು ಬಂದ ಹೆಂಗಸರು ಸುಮ್ಮನೆ ನಿಲ್ಲುವವರಲ್ಲ. ತೋಳಿನ ಉದ್ದ ನೋಡುವಷ್ಟರಲ್ಲಿ ಒಂದು ಕಥೆ, ಕುತ್ತಿಗೆಯ ಆಳ ನೋಡುವಷ್ಟರಲ್ಲಿ ಇನ್ನೊಂದು. ಸತ್ತ ಅತ್ತೆ ಕನಸಿನಲ್ಲಿ ಬಂದು ಬಳೆ ಕೇಳಿದ್ದು, ಘಟ್ಟದ ತಿರುವಿನಲ್ಲಿ ಬಿಳಿ ಸೀರೆಯವಳು ಬಸ್ಸಿಗೆ ಕೈ ಮಾಡಿದ್ದು, ಇಂಥವೇ ಹೆಚ್ಚು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹ್ಞೂಂ ಎನ್ನುತ್ತಿದ್ದೆ. ಸೂಜಿ ತೆಗೆದ ಮೇಲೆ, "ಆ ಸೀರೆಗೆ ಫಾಲ್ ಹಚ್ಚಿತ್ತಾ ನೋಡಿದ್ಯಾ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಟೇಪಿಗೆ ಸಿಗದ್ದನ್ನು ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಯಾರಾದರೂ ಅಂಥ ಕಥೆ ತೆಗೆದರೆ ನಗುವುದನ್ನು ಬಿಟ್ಟಿದ್ದೇನೆ.

ಇಂಥ ಅನುಭವಗಳೆಲ್ಲ ರಾತ್ರಿಯೇ ಆಗುತ್ತವೆ ಎಂದು ಕೇಳಿದ್ದೆ. ನನಗೆ ಆದದ್ದು ಹಗಲಿನಲ್ಲಿ, ಸಂಜೆ ನಾಲ್ಕು ಗಂಟೆಗೆ, ರಸ್ತೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾಗ. ಹೆದರಿಕೆಯ ಕಥೆ ಬೇಕಾದವರಿಗೆ ಇದರಿಂದ ನಿರಾಶೆಯಾಗಬಹುದು. ನನಗೂ ಆಗ ಹೆದರಿಕೆಯಾಗಲಿಲ್ಲ, ಮತ್ತು ತಪ್ಪಾದದ್ದು ಅಲ್ಲೇ.

ಶಕುಂತಲಕ್ಕ ನಮ್ಮ ಕೇರಿಯ ಕೊನೆಯ ಮನೆಯವಳು. ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿರಲಿಲ್ಲ, ಆಗದ್ದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಮೂವತ್ತು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾಗಿದ್ದಳು. ನಮ್ಮ ಕೇರಿ, ಪಕ್ಕದ ಕೇರಿಗಳ ಅರ್ಧ ಮಕ್ಕಳು ಅವಳ ಕೈಯಲ್ಲಿ ಮೂಗು ಒರೆಸಿಕೊಂಡವರೇ. ಅವರೆಲ್ಲ ಅವಳನ್ನು ಅಕ್ಕೋರು ಎನ್ನುತ್ತಿದ್ದರು; ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಮೀಸೆ ಬಂದವರೂ ದಾರಿಯಲ್ಲಿ ಅವಳನ್ನು ಕಂಡರೆ ಬೈಕು ನಿಧಾನ ಮಾಡುತ್ತಿದ್ದರು.

ಅವಳಿಗೆ ಎರಡು ಹಟಗಳಿದ್ದವು. ಒಂದು, ಮನೆಗೆ ಯಾರೇ ಬರಲಿ, ಆಸರಿಗೆ ಕೊಡದೆ ಕಳಿಸುತ್ತಿರಲಿಲ್ಲ. ಆಸರಿ ಎಂದರೆ ಬಂದವರ ದಣಿವಿಗೆ ಕೊಡುವ ಪಾನೀಯ, ಅವಳ ಮನೆಯಲ್ಲಿ ಅದು ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ. ಮೀಟರ್ ನೋಡಲು ಬಂದವನಿಗೂ ಸಿಗುತ್ತಿತ್ತು. ನಾನು ಅವಸರದಲ್ಲಿದ್ದರೆ, "ಬಾರೆ, ಆಸರಿಗೆ ಕುಡ್ಕಂಡು ಹೋಗು. ಹಂಗೇ ಕಳ್ಸಿರೆ ಯಂಗೆ ಸಮಾಧಾನ ಇಲ್ಲೆ" ಎಂದು ಸೆರಗು ಹಿಡಿದು ಕೂರಿಸುತ್ತಿದ್ದಳು. ಇನ್ನೊಂದು ಹಟ ಚೊಕ್ಕಟದ್ದು. ಕುಡಿದಿಟ್ಟ ಲೋಟ ಐದು ನಿಮಿಷ ಕೂಡ ಎಂಜಲಾಗಿ ಕೂರುವಂತಿಲ್ಲ, ತೊಳೆದು ಅಡಿಗೆಮನೆಯ ಬುಟ್ಟಿಯಲ್ಲಿ ಬೋರಲು ಬೀಳಬೇಕು. ಈ ವಿಷಯದಲ್ಲಿ ನಾನು ಅವಳ ಶಿಷ್ಯೆ. ದೆವ್ವ ನಂಬದ ನಾನು ಎಂಜಲನ್ನು ಮಾತ್ರ ಚೆನ್ನಾಗಿ ನಂಬುತ್ತಿದ್ದೆ, ಇದನ್ನು ಒಪ್ಪಿಕೊಳ್ಳಬೇಕು.

ನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಒಂಬತ್ತು ಗಂಟೆಯಾದರೂ ಅವಳ ಗೇಟಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ ಹಾಗೇ ಇತ್ತು. ನಾನು ಅದನ್ನೆತ್ತಿಕೊಂಡು ಒಳಗೆ ಹೋದೆ. ಮುಂದಿನ ಬಾಗಿಲು ಎಳೆದುಕೊಂಡಿತ್ತು ಅಷ್ಟೆ, ಚಿಲಕ ಹಾಕಿರಲಿಲ್ಲ. ನಡುಕೋಣೆಯಲ್ಲಿ, ಅಟ್ಟಕ್ಕೆ ಹತ್ತುವ ಏಣಿಯ ಬುಡದಲ್ಲಿ ಶಕುಂತಲಕ್ಕ ಬಿದ್ದಿದ್ದಳು. ತಲೆಯ ಹಿಂದೆ ರಕ್ತ ಒಣಗಿ ಕಪ್ಪಾಗಿತ್ತು. ಮುಟ್ಟಿ ನೋಡಿದೆ, ಮೈ ತಣ್ಣಗಿತ್ತು. ಆ ಮೇಲೆ ನಾನು ಕೂಗಿದ್ದು, ಜನ ಓಡಿ ಬಂದದ್ದು, ಯಾರೋ ಸಿದ್ದಾಪುರದಲ್ಲಿದ್ದ ಅವಳ ಅಣ್ಣನಿಗೂ ಪೊಲೀಸರಿಗೂ ಫೋನ್ ಮಾಡಿದ್ದು, ಎಲ್ಲ ಒಂದರ ಮೇಲೊಂದು ಆಯಿತು.

ಪೊಲೀಸರು ಬರುವ ತನಕ ಒಳಗೆ ಹೋಗಬೇಡಿ ಎಂದು ಗಂಡಸರು ಅಂಗಳದಲ್ಲಿ ನಿಂತರು. ನಾನು ಜಗಲಿಯಲ್ಲಿ ಕುಸಿದು ಕೂತೆ. ಆಗ ಎದುರಿನ ಬೆಂಚಿನ ಮೇಲಿದ್ದ ಲೋಟಗಳನ್ನು ನೋಡಿದೆ. ಮೂರು ಸ್ಟೀಲ್ ಲೋಟ. ಎರಡು ನೆಟ್ಟಗೆ ಒಂದರ ಪಕ್ಕ ಒಂದು, ಮೂರನೆಯದು ಬೆಂಚಿನ ಆ ತುದಿಯಲ್ಲಿ ಅಡ್ಡ ಬಿದ್ದಿತ್ತು. ಒಳಗೆ ಮಜ್ಜಿಗೆ ಒಣಗಿ ಅಂಟಿತ್ತು, ನೊಣ ಕೂತಿದ್ದವು. ಬದುಕಿದ್ದಾಗ ಒಂದು ಲೋಟ ಎಂಜಲಾಗಿ ಇರಗೊಡದವಳ ಮನೆಗೆ ಇನ್ನು ಅರ್ಧ ಗಂಟೆಯಲ್ಲಿ ಊರೆಲ್ಲ ಬರುತ್ತದೆ, ನೆಂಟರು ಬರುತ್ತಾರೆ, ಇದನ್ನು ನೋಡುತ್ತಾರೆ. ನನಗೆ ಬಂದದ್ದು ಅದೊಂದೇ ಯೋಚನೆ. ಮೂರನ್ನೂ ಎತ್ತಿಕೊಂಡು ಮನೆಯ ಬದಿಯಿಂದ ಹಿತ್ತಿಲಿಗೆ ಹೋಗಿ ಪುಡಿ ಹಾಕಿ ತಿಕ್ಕಿ ತೊಳೆದೆ. ಒದ್ದೆ ಬಟ್ಟೆ ತಂದು ಬೆಂಚನ್ನೂ ಒರೆಸಿದೆ. ನೋಡಿದವರು ಇದ್ದರು. ಯಾರೂ ಬೇಡ ಎನ್ನಲಿಲ್ಲ, ಪಕ್ಕದ ಮನೆಯವಳು ಬಕೆಟ್ಟಿಗೆ ನೀರು ಕೂಡ ಸುರಿದುಕೊಟ್ಟಳು. ಸಾವಿನ ಮನೆಯಲ್ಲಿ ಎಂಜಲು ತೆಗೆಯುವವಳನ್ನು ನಮ್ಮಲ್ಲಿ ಯಾರು ತಡೆಯುತ್ತಾರೆ?

ಬಂದ ಪೊಲೀಸ್ ಅಧಿಕಾರಿ ಧಾರವಾಡದ ಕಡೆಯವರು, ಮೆತ್ತಗಿನ ಮನುಷ್ಯ. "ನಿನ್ನಿ ಯಾರರ ಬಂದಿದ್ರೇನ್ರಿ ಅಮ್ಮಾರ, ಇವರ ಮನಿಗೆ?" ಎಂದು ನನ್ನನ್ನು ಕೇಳಿದರು.

"ನಾನಂತೂ ಯಾರನ್ನೂ ನೋಡ್ಲಿಲ್ಲ ಸರ್" ಎಂದೆ.

ಅದು ಸುಳ್ಳಲ್ಲ. ಹಿಂದಿನ ದಿನವೆಲ್ಲ ನಾನು ಒಂದು ಮದುವೆಯ ರವಿಕೆಗಳ ಹೊಲಿಗೆಗೆ ಕೂತಿದ್ದೆ, ತಲೆ ಎತ್ತಿರಲಿಲ್ಲ. ಆದರೆ ಮೂರು ಜನ ಬಂದು ಮಜ್ಜಿಗೆ ಕುಡಿದು ಹೋಗಿದ್ದಾರೆ, ಅವರು ಹೋದ ಮೇಲೆ ಲೋಟ ತೊಳೆಯಲು ಶಕುಂತಲಕ್ಕ ಇರಲಿಲ್ಲ ಎಂಬುದು ನನ್ನ ಕೈಗೆ ಗೊತ್ತಿತ್ತು. ಹೇಳಲಿಲ್ಲ. ತೊಳೆದದ್ದಕ್ಕೆ ಗದರಿಯಾರು ಎಂಬ ಅಂಜಿಕೆ ಸ್ವಲ್ಪ, ಆಮೇಲೆ ಹೇಳಿದರಾಯಿತು ಎಂಬ ಉದಾಸೀನ ಸ್ವಲ್ಪ. ಏಣಿಯಿಂದ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಸಾವು ಎಂದು ಕಾಗದವಾಯಿತು. ಅವಳು ಬಂಗಾರ ಹಾಕಿಕೊಂಡು ತಿರುಗುವವಳಲ್ಲ, ಇದ್ದದ್ದೆಲ್ಲ ಬ್ಯಾಂಕಿನಲ್ಲಿರಬೇಕೆಂದು ಅಣ್ಣನೂ ಕಪಾಟು ತೆಗೆದು ನೋಡಲಿಲ್ಲ.

ಕ್ರಿಯೆಯೆಲ್ಲ ಸಿದ್ದಾಪುರದಲ್ಲೇ ಎಂದಾಯಿತು. ಹೊರಡುವಾಗ ಅಣ್ಣ ನನ್ನ ಕೈಗೆ ಕೀಲಿ ಕೊಟ್ಟು, "ಹನ್ನೊಂದು ದಿನ ಶಕುಂತಲೆ ಬಿದ್ದ ಜಾಗದಲ್ಲಿ ಒಂದು ದೀಪ ಹಚ್ಚಿಡು ತಂಗಿ. ನಂಗಕ್ಕೆ ದಿನಾ ಬಪ್ಪಲೆ ಆಗ್ತಿಲ್ಲೆ" ಎಂದು ದಿನಾ ಬರಲಾಗದ ಕಷ್ಟ ಹೇಳಿದ. ಅತ್ತಿಗೆ ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲು ತೆರೆದಿಟ್ಟು ಹೋದಳು. ಲೋಟಗಳನ್ನು ನಾನೇ ಅಡಿಗೆಮನೆಯ ಬುಟ್ಟಿಯಲ್ಲಿ ಬೋರಲು ಹಾಕಿದೆ. ಜಗಲಿಗೆ ಸರಳಿನ ಕಟಾಂಜನ, ಅದಕ್ಕೊಂದು ಬಾಗಿಲು. ಅದಕ್ಕೆ ಬೀಗ ಹಾಕಿದರೆ ಒಳಗೆ ಬೆಕ್ಕು ಬರಬಹುದು, ಮನುಷ್ಯರು ಬರುವ ಹಾಗಿಲ್ಲ.

ಮೂರನೆಯ ದಿನ ದೀಪ ಹಚ್ಚಲು ಹೋದಾಗ ಬೆಂಚಿನ ಮೇಲೆ ಮೂರು ಲೋಟ ಇದ್ದವು. ಎರಡು ನೆಟ್ಟಗೆ, ಒಂದು ಆ ತುದಿಯಲ್ಲಿ ಅಡ್ಡ. ಒಳಗೆ ಮಜ್ಜಿಗೆಯ ತೇವ. ಸಿದ್ದಾಪುರದಿಂದ ಯಾರೋ ಬಂದಿರಬೇಕು, ಇನ್ನೊಂದು ಕೀಲಿ ಅವರ ಹತ್ತಿರ ಇದೆಯಲ್ಲ ಎಂದುಕೊಂಡೆ. ಕುಡಿದ ಲೋಟ ತೊಳೆಯದೆ ಹೋದರಲ್ಲ ಎಂದು ಸಿಟ್ಟೂ ಬಂತು. ತೊಳೆದು ಬೋರಲು ಹಾಕಿ ದೀಪ ಹಚ್ಚಿ ಬಂದೆ. ಸಂಜೆ ಅಣ್ಣನಿಗೆ ಫೋನ್ ಮಾಡಿ, ಈ ಕಡೆ ಬಂದಿದ್ದಿರಾ ಎಂದು ಕೇಳಿದೆ. "ಇಲ್ಲೆ, ಎಂತಕ್ಕೆ ಕೇಳ್ತೆ?" ಎಂದ. ಸುಮ್ಮನೆ ಕೇಳಿದೆ ಎಂದು ಇಟ್ಟುಬಿಟ್ಟೆ.

ಐದನೆಯ ದಿನ ಸಂಜೆ ನಾಲ್ಕಕ್ಕೆ ಹೋದೆ. ರಸ್ತೆಯಲ್ಲಿ ಮಕ್ಕಳು ಆಡುತ್ತಿದ್ದರು, ಅವರ ಚೆಂಡು ನನ್ನ ಕಾಲಿಗೇ ಬಂದು ಬಡಿಯಿತು. ಎತ್ತಿ ಎಸೆದೆ. ಬೀಗ ತೆಗೆದು ಬಾಗಿಲು ನೂಕಿದರೆ ಬೆಂಚಿನ ಮೇಲೆ ಮತ್ತೆ ಅವೇ ಮೂರು. ಅದೇ ಎರಡು ನೆಟ್ಟಗೆ, ಅದೇ ಒಂದು ಅಡ್ಡ. ಈ ಸಲ ಒಣಗಿರಲಿಲ್ಲ. ಅಡ್ಡ ಬಿದ್ದ ಲೋಟದ ಬಾಯಿಂದ ಬೆಂಚಿನ ಮೇಲೆ ಬಿಳಿ ಗೆರೆಯೊಂದು ಹರಿದು, ತುದಿಯಿಂದ ನೆಲಕ್ಕೆ ಹನಿ ಬೀಳುತ್ತಿತ್ತು. ಕೈಗೆ ತಗೊಂಡೆ. ತಂಪಾಗಿತ್ತು. ಶುಂಠಿಯ ವಾಸನೆ, ಕರಿಬೇವಿನ ಒಂದು ಚೂರು.

ನಾನು ಹುಡುಕಬೇಕಾದಷ್ಟೂ ಹುಡುಕಿದೆ. ಹಿತ್ತಿಲ ಬಾಗಿಲ ಅಗುಳಿ ಒಳಗಿನಿಂದ ಹಾಕಿಯೇ ಇತ್ತು. ಫ್ರಿಜ್ ತೆರೆದದ್ದು ತೆರೆದ ಹಾಗೇ, ಖಾಲಿ. ಮನೆಯಲ್ಲಿ ಒಂದು ತೊಟ್ಟು ಹಾಲಾಗಲಿ ಮೊಸರಾಗಲಿ ಇರಲಿಲ್ಲ. ಬುಟ್ಟಿಯಲ್ಲಿ ನಾನು ಬೋರಲು ಹಾಕಿದ್ದ ಮೂರು ಲೋಟಗಳ ಜಾಗ ಬರಿದಾಗಿತ್ತು. ಅಟ್ಟವನ್ನೂ ಹತ್ತಿ ನೋಡಿ ಬಂದೆ. ಯಾರೂ ಇಲ್ಲ, ಯಾವ ಸದ್ದೂ ಇಲ್ಲ. ಹೊರಗೆ ಯಾರೋ ಔಟಾದನೆಂದು ಮಕ್ಕಳು ಕೂಗುತ್ತಿದ್ದರು.

ಇಷ್ಟಾದ ಮೇಲೆ ಯಾರಾದರೂ ಮಾಡುವುದೇನು? ಓಡಿಹೋಗಿ ನಾಲ್ಕು ಜನರನ್ನು ಕರೆತಂದು ತೋರಿಸುವುದು. ನಾನು ಲೋಟಗಳನ್ನು ಹಿತ್ತಿಲಿಗೆ ಒಯ್ದು ತೊಳೆದೆ. ಬೆಂಚು ಒರೆಸಿದೆ. ನೆಲದ ಹನಿಯನ್ನೂ ಒರೆಸಿದೆ. ದೀಪ ಹಚ್ಚಿ, ಬೀಗ ಹಾಕಿ, ಮನೆಗೆ ಬಂದು ಮಿಷನ್ ಮುಂದೆ ಕೂತೆ. ಅರ್ಧಕ್ಕೆ ಬಿಟ್ಟಿದ್ದ ತೋಳನ್ನು ಜೋಡಿಸಿ ಮುಗಿಸಿದೆ. ಆಮೇಲೆ ಹನ್ನೊಂದು ದಿನ ಮುಗಿಯುವ ತನಕ ಲೋಟಗಳು ಬುಟ್ಟಿಯಿಂದ ಕದಲಲಿಲ್ಲ.

ಅದಾಗಿ ಎಂಟು ದಿನಕ್ಕೆ ಯಲ್ಲಾಪುರ ತಾಲ್ಲೂಕಿನಲ್ಲಿ, ಉಮ್ಮಚಗಿ ಹತ್ತಿರದ ಒಂದು ಊರಿನಲ್ಲಿ, ಹಾಡುಹಗಲೇ ಒಬ್ಬ ಹೆಂಗಸಿನ ಕೊಲೆಯಾಯಿತು. ಮಗಳು ಯಲ್ಲಾಪುರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದಾಗ ತಾಯಿ ಒಬ್ಬಳೇ ಇದ್ದಳಂತೆ. ಮೈಮೇಲಿನ ಬಂಗಾರ ಹೋಗಿತ್ತು. ನೀರು ಶುದ್ಧ ಮಾಡುವ ಫಿಲ್ಟರ್ ಮಾರುವ ಮೂವರು ಹುಡುಗರು ಆ ದಿನ ಊರಲ್ಲಿ ತಿರುಗುತ್ತಿದ್ದರು ಎಂದು ಪೇಪರಿನಲ್ಲಿ ಬಂತು.

ಮೂವರು ಎಂಬುದನ್ನು ನಾನು ಎರಡೆರಡು ಸಲ ಓದಿದೆ. ಮಾರನೆಯ ದಿನ ಕೈಯಲ್ಲಿದ್ದ ಕೆಲಸ ಬಿಟ್ಟು ಪೊಲೀಸ್ ಠಾಣೆಯ ಗೇಟಿನ ತನಕ ಹೋದೆ. ಏನೆಂದು ಹೇಳುವುದು? ಮೂರು ಲೋಟ ಇದ್ದವು, ತೊಳೆದೆ. ಅಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಅವು ಬೇರೆ ಬೇರೆಯಾಗಿ ನಿಲ್ಲಲೇ ಇಲ್ಲ. ಮೊದಲನೆಯದನ್ನು ಹೇಳಿದರೆ ಉಳಿದ ಎರಡನ್ನೂ ಹೇಳಬೇಕಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಲೋಟಗಳು ತಾವಾಗಿ ಹೊರಗೆ ಬಂದವು ಎಂದರೆ ಆ ಮನುಷ್ಯ ನನ್ನನ್ನು ಮರುಳು ಎಂದುಕೊಳ್ಳುತ್ತಾನೆ. ಊರಲ್ಲಿ ಎಲ್ಲರ ದೆವ್ವದ ಕಥೆಗೂ ನಕ್ಕವಳು ನಾನೇ ತಾನೆ? ಮರ್ಯಾದೆಗೆ ಹೆದರಿ ಗೇಟಿನಿಂದಲೇ ತಿರುಗಿ ಬಂದೆ. ಬರುವಾಗ ಪೇಟೆಯಲ್ಲಿ ಅಸ್ತರಿನ ಬಟ್ಟೆ ತಗೊಂಡು ಬಂದೆ ಎಂಬುದೂ ನೆನಪಿದೆ.

ಎರಡು ವಾರ ಕಳೆದು ಸಿದ್ದಾಪುರ ತಾಲ್ಲೂಕಿನಲ್ಲಿ ಮೂರನೆಯವಳು ಸತ್ತಳು. ಅಲ್ಲಿ ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತಂದವರು ಕೂಗು ಕೇಳಿ ಒಳಗೆ ನುಗ್ಗಿದ್ದರಿಂದ ಹುಡುಗರು ಸಿಕ್ಕಿಬಿದ್ದರು. ಇಬ್ಬರಿಗೆ ಹತ್ತೊಂಬತ್ತು, ಒಬ್ಬನಿಗೆ ಹದಿನೆಂಟು ತುಂಬಿತ್ತಷ್ಟೆ. ಠಾಣೆಯಲ್ಲಿ ಅವರೇ ಹೇಳಿದರಂತೆ, ಶಿರಸಿಯಲ್ಲೊಂದು ಆಗಿದೆ, ಕಪಾಟಿನ ಬಂಗಾರ ಒಯ್ದದ್ದೂ ತಾವೇ ಎಂದು. ಅದು ಕೊಲೆ ಎಂದು ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ.

ಅವರನ್ನು ಶಕುಂತಲಕ್ಕನ ಮನೆಗೆ ಮಹಜರಿಗೆ ಕರೆತಂದರು. ನಡೆದದ್ದನ್ನು ನಡೆದ ಜಾಗದಲ್ಲೇ ತೋರಿಸಿ ಬರೆಸಿಕೊಳ್ಳುವ ಕ್ರಮ ಅದು. ಕೀಲಿ ನನ್ನ ಹತ್ತಿರವೇ ಇದ್ದದ್ದರಿಂದ ನಾನೂ ಇರಬೇಕಾಯಿತು. ಹುಡುಗರನ್ನು ನೋಡಿದರೆ ಬೈಯಬೇಕೆಂದು ಬಾಯಿ ತುಂಬ ಮಾತು ಕಟ್ಟಿಕೊಂಡಿದ್ದೆ. ನೋಡಿದರೆ ಎಲುಬಿನ ಮೇಲೆ ಅಂಗಿ ಹಾಕಿದ ಹಾಗಿದ್ದರು. ಚಿಕ್ಕವನಿಗೆ ಅಂಗಿಯ ಭುಜ ತೋಳಿಗೆ ಇಳಿದಿತ್ತು. ಅವನ ಎದೆಯಳತೆ ಮೂವತ್ತೆರಡು ಇಂಚಿಗಿಂತ ಹೆಚ್ಚಿಲ್ಲ ಎಂದು ನನ್ನ ಕಣ್ಣು ತನ್ನಷ್ಟಕ್ಕೆ ಲೆಕ್ಕ ಹಾಕಿತು. ಅವನು ಪಕ್ಕದ ಕೇರಿಯವನು, ಶಕುಂತಲಕ್ಕನ ಅಂಗನವಾಡಿಯಲ್ಲೇ ಕೂತು ಎದ್ದವನು ಎಂದು ಆಮೇಲೆ ಗೊತ್ತಾಯಿತು. ಅದಕ್ಕೇ ಅವಳು ಕಟಾಂಜನದ ಬಾಗಿಲು ತೆಗೆದದ್ದು.

ಅವನು ಬೆಂಚು ತೋರಿಸಿ, "ಇಲ್ಲೇ ಕುಂತಿದ್ವಿ ಸರ್. ಅಕ್ಕೋರು ಮಜ್ಜಿಗೆ ಕೊಟ್ರು" ಎಂದ. "ನಾ ಪೂರ್ತಿ ಕುಡೀಲಿಲ್ಲ. ಇವ್ರು ಎದ್ದು ಒಳಗೆ ಹೋದ್ರು. ನಂಗೆ ಕೈ ನಡುಗಿ ಲೋಟ ಬಿದ್ದೋಯ್ತು" ಎಂದು ಬೆಂಚಿನ ಆ ತುದಿಯನ್ನು ಮುಟ್ಟಿದ.

ಅಡ್ಡ ಬಿದ್ದ ಆ ಲೋಟವನ್ನು ನಾನು ಮೂರು ಸಲ ಎತ್ತಿದ್ದು ಅದೇ ಜಾಗದಿಂದ.

ಅಧಿಕಾರಿ ನನ್ನ ಕಡೆ ತಿರುಗಿದರು. "ಅವತ್ತ ಇಲ್ಲೆ ಲೋಟ ಇರಲಿಲ್ಲಲ್ರಿ ಅಮ್ಮಾರ?"

"ನಾನು ತೊಳೆದಿದ್ದೆ ಸರ್. ಎಂಜಲಾಗಿತ್ತು."

ಅವರು ಗದರಲಿಲ್ಲ. ಪೆನ್ನು ಹಿಡಿದವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು, ಆ ಮೇಲೆ ಬರೆದುಕೊಂಡರು. ಗದರಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಉಳಿದ ಎರಡು ಸಲದ ವಿಷಯವನ್ನು ಅಲ್ಲಿಯೂ ಹೇಳಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಸಾಕ್ಷಿಯಾಗಿ ಕರೆದಾಗ ಹೋಗುತ್ತೇನೆ, ಕೇಳಿದಷ್ಟು ಹೇಳುತ್ತೇನೆ. ಆ ಹುಡುಗರ ಮೇಲೆ ನನಗಿರುವ ಸಿಟ್ಟು ಕಡಿಮೆಯಾಗಿಲ್ಲ, ಆದರೆ ಅದು ನನ್ನ ಕಡೆಗೆ ತಿರುಗದ ದಿನವೂ ಇಲ್ಲ. ಕೊಂದವರು ಅವರು. ಆದರೆ ಶಕುಂತಲಕ್ಕ ಸತ್ತ ದಿನವೇ ಇಲ್ಲಿಗೆ ಮೂವರು ಬಂದಿದ್ದರು ಎಂದು ಗೊತ್ತಾಗಿದ್ದರೆ ಉಳಿದ ಇಬ್ಬರು ಹೆಂಗಸರು ಇವತ್ತು ಅಂಗಳ ಗುಡಿಸುತ್ತಿರುತ್ತಿದ್ದರೋ ಏನೋ. ಅವರಿಬ್ಬರ ಮುಖವನ್ನು ನಾನು ಪೇಪರಿನಲ್ಲಿ ಮಾತ್ರ ನೋಡಿದ್ದೇನೆ.

ಕಳೆದ ವರ್ಷ ಉಮ್ಮಚಗಿ ಕಡೆಯ ಆ ಮನೆ ಹುಡುಕಿಕೊಂಡು ಹೋದೆ. ಮನಸ್ಸಿನಲ್ಲಿಟ್ಟುಕೊಳ್ಳಲು ಆಗದೆ ಹೋದೆ, ದೊಡ್ಡ ಧೈರ್ಯದಿಂದೇನಲ್ಲ. ಸಿದ್ದಾಪುರ ತಾಲ್ಲೂಕಿನ ಆ ಮೂರನೆಯವಳ ಮನೆಗೆ ಹೋಗುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಮಗಳಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ನಾನು ಯಾರೆಂದು ಹೇಳಿದ ಮೇಲೆ ಮೆಟ್ಟಿಲ ಮೇಲೇ ಕೂತು ಎಲ್ಲವನ್ನೂ ಹೇಳಿದೆ. ಮೊದಲ ಸಲದ್ದು, ಎರಡನೆಯ ಸಲದ್ದು, ಮೂರನೆಯ ಸಲದ್ದು. ಬೇರೆ ಯಾರಿಗೂ ಹೇಳದ್ದನ್ನು ಮೊದಲು ಹೇಳಿದ್ದು ಅವಳಿಗೇ. ನಗುತ್ತಾಳೆ ಅಥವಾ ಅಂಗಳದಿಂದ ಆಚೆ ಕಳಿಸುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿಯೇ ಹೋಗಿದ್ದೆ.

ಅವಳು ಎರಡನ್ನೂ ಮಾಡಲಿಲ್ಲ. ನನ್ನ ಜೊತೆ ಬಸ್ಸು ನಿಲ್ಲುವ ಜಾಗದ ತನಕ ನಡೆದು ಬಂದಳು. ಅಲ್ಲಿ ನಿಂತ ಮೇಲೆ, "ಮೊದ್ಲು ತೊಳ್ದಿದ್ದು ತಪ್ಪಲ್ಲ ಅಕ್ಕಾ" ಎಂದಳು. "ಸತ್ತ ಮನೇಲಿ ಎಂಜಲು ಪಾತ್ರೆ ಹಾಗೇ ಬಿಡೂಕಾಗ್ತದಾ? ನಾನಾದ್ರೂ ತೊಳೀತಿದ್ದೆ."

ನನಗೆ ಕಣ್ಣು ತುಂಬಿ ಬಂತು. ಅಷ್ಟು ಕೇಳಲೆಂದೇ ಅಲ್ಲಿಯ ತನಕ ಹೋಗಿದ್ದೆನೋ ಏನೋ. ಅವಳ ಕೈ ಹಿಡಿಯಲು ಹೋದೆ.

ಅವಳು ಕೈ ಕೊಡಲಿಲ್ಲ. "ಆದ್ರೆ ಮತ್ತೆ ಎರಡು ಸಲ ನಿಮ್ಮ ಕಣ್ಣೆದುರಿಗೇ ತಂದಿಟ್ರಲ್ಲ ಶಕುಂತಲಕ್ಕ. ಆಗ ಎಂತಕ್ಕೆ ತೊಳದ್ರಿ?"

ಲೋಟಗಳು ಹೇಗೆ ಹೊರಗೆ ಬಂದವು ಎಂದು ನಾನು ನಾಲ್ಕು ವರ್ಷಗಳಿಂದ ಯೋಚಿಸಿದ್ದೇನೆ. ಬೆಕ್ಕು, ಬೇರೆ ಕೀಲಿ, ನನ್ನದೇ ಮರೆವು, ಎಲ್ಲವನ್ನೂ ಅಳೆದು ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ. ಅದು ನನಗೆ ಗೊತ್ತಿಲ್ಲ ಎಂದು ಯಾರ ಎದುರಿಗಾದರೂ ಹೇಳಬಲ್ಲೆ. ಆದರೆ ಅವಳು ಕೇಳಿದ್ದು ಅದನ್ನಲ್ಲ. ತೊಳೆದದ್ದು ನನ್ನ ಕೈ. ಆ ಕೈ ಯಾಕೆ ಹಾಗೆ ಮಾಡಿತು ಎಂದು ನನ್ನನ್ನು ಬಿಟ್ಟು ಯಾರು ಹೇಳಬೇಕು?

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ನಿಜವಾಗಿಯೂ ಕಾಯುತ್ತಿದ್ದಳು, ನನ್ನ ಮುಖದಿಂದ ಕಣ್ಣು ತೆಗೆಯದೆ. ಅಷ್ಟರಲ್ಲಿ ಶಿರಸಿಯ ಬಸ್ಸು ಬಂತು, ನಾನು ಹತ್ತಿಬಿಟ್ಟೆ.